‘ವ್ಯವಸ್ಥೆ ಬಿಡಲಿಲ್ಲ’ ಎಂಬ ಸಮಾಧಾನ

ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್ ಅವರ ರಾಜಕೀಯ ಜೀವನದ ಮಾತು ಬಂದಾಗ ಕರ್ನಾಟಕದ ಓದುಬಲ್ಲ ವಲಯದಲ್ಲಿ ಒಂದು ತೀರ್ಪು ಸಿದ್ಧವಾಗಿಯೇ ಇರುತ್ತದೆ. ಮನುಷ್ಯ ಒಳ್ಳೆಯವರು, ಓದಿಕೊಂಡವರು, ಸದನದಲ್ಲಿ ಎದ್ದು ನಿಂತರೆ ಎದುರು ಪಕ್ಷದವರೂ ಕಿವಿಗೊಡುತ್ತಿದ್ದರು, ಆರೋಗ್ಯ ಸಚಿವರಾಗಿ ಖಾಸಗಿ ಆಸ್ಪತ್ರೆಗಳಿಗೆ ಮೂಗುದಾರ ಹಾಕಲು ಹೊರಟರು, ವ್ಯವಸ್ಥೆ ಬಿಡಲಿಲ್ಲ. ಹೀಗೆನ್ನುವವರೆಲ್ಲ ಅವರ ಪಕ್ಷದವರೇ ಆಗಿರಬೇಕಿಲ್ಲ. ರಾಜಕಾರಣಿಗಳ ಬಗ್ಗೆ ಒಳ್ಳೆಯ ಮಾತಾಡುವ ಅಭ್ಯಾಸವೇ ಇಲ್ಲದವರೂ ಇವರ ವಿಷಯದಲ್ಲಿ ತುಸು ಮೆತ್ತಗಾಗುತ್ತಾರೆ. ಈ ತೀರ್ಪಿನಲ್ಲಿ ಸುಳ್ಳಿಲ್ಲ, ಆದರೆ ಗೊಂದಲವಿದೆ. ದೀರ್ಘಕಾಲದ ಜನಪ್ರತಿನಿಧಿಯೊಬ್ಬನನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಅದು ಉತ್ತರ ಕೊಟ್ಟಂತೆ ಕಾಣುತ್ತದೆ. ನಿಜದಲ್ಲಿ ಪ್ರಶ್ನೆಯನ್ನೇ ಬದಿಗೆ ಸರಿಸುತ್ತದೆ. ಕೈಗೂಡಿದ್ದನ್ನೆಲ್ಲ ವ್ಯಕ್ತಿಯ ಖಾತೆಗೂ ಕೈಗೂಡದ್ದನ್ನೆಲ್ಲ ವ್ಯವಸ್ಥೆಯ ಖಾತೆಗೂ ಬರೆಯುತ್ತ ಹೋದರೆ ಯಾವ ರಾಜಕಾರಣಿಯೂ ಸೋಲಲಾರ. ಅವನು ನಮಗೆ ಇಷ್ಟವಾದವನಾಗಿದ್ದರೆ ಸಾಕು.

ಮೊದಲು ಈ ನಂಬಿಕೆಯನ್ನು ಅದರ ಅತ್ಯುತ್ತಮ ರೂಪದಲ್ಲಿ ಇಡೋಣ. ಅದರಲ್ಲಿ ಮೂರು ಹೇಳಿಕೆಗಳು ಹೆಣೆದುಕೊಂಡಿವೆ.

1. ಅವರು ದಶಕಗಳ ಕಾಲ ಜನರ ವಿಶ್ವಾಸ ಉಳಿಸಿಕೊಂಡವರು. ತಮ್ಮ ಜಾತಿಯ ಮತಬಲವಿಲ್ಲದ ಕ್ಷೇತ್ರದಲ್ಲಿ ಆರು ಸಲ ಗೆದ್ದದ್ದು ಸಣ್ಣ ಸಾಧನೆಯಲ್ಲ.

2. ಎರಡು ಸಲ ವಿಧಾನಸಭಾಧ್ಯಕ್ಷರಾಗಿ ಶಾಸನ, ನಿಯಮ, ಸಂಪ್ರದಾಯಗಳ ಒಳಹೊರಗು ಬಲ್ಲವರು. ಇಂಥ ಅನುಭವಿಯ ಕೈಯಲ್ಲಿ ಒಂದು ಮಸೂದೆ ಸೋತಿತೆಂದರೆ ಅದು ಮಸೂದೆಯ ದೋಷವಲ್ಲ, ಎದುರಾಳಿಗಳ ಬಲ.

3. ವೈದ್ಯಕೀಯ ಉದ್ಯಮದ ಹಿಡಿತ ಎಷ್ಟು ಗಟ್ಟಿ ಎಂದರೆ ಸಜ್ಜನ ಸಚಿವನೊಬ್ಬ ಅದರ ಮುಂದೆ ಏನನ್ನೂ ಮಾಡಲಾರ.

ಮೊದಲನೆಯದನ್ನು ಬೇಗ ಮುಗಿಸಬಹುದು. 1978ರಿಂದ 2023ರವರೆಗೆ ಶ್ರೀನಿವಾಸಪುರದಲ್ಲಿ ಹನ್ನೊಂದು ವಿಧಾನಸಭಾ ಚುನಾವಣೆಗಳು ನಡೆದಿವೆ. ಗೆದ್ದವರು ಇಬ್ಬರೇ: ರಮೇಶ್ ಕುಮಾರ್ ಮತ್ತು ಜಿ.ಕೆ. ವೆಂಕಟಶಿವಾರೆಡ್ಡಿ. 1978ರಲ್ಲಿ ಇವರು, 1983ರಲ್ಲಿ ಅವರು, 1985ರಲ್ಲಿ ಇವರು, 1989ರಲ್ಲಿ ಅವರು. ಹೀಗೆ ಒಂದು ಸಲ ಒಬ್ಬರು, ಮುಂದಿನ ಸಲ ಇನ್ನೊಬ್ಬರು ಎಂಬ ಸರದಿ 2013ರವರೆಗೂ ತಪ್ಪಲಿಲ್ಲ. 2018ರಲ್ಲಿ ರಮೇಶ್ ಕುಮಾರ್ ಸತತ ಎರಡನೆಯ ಸಲ ಗೆದ್ದು ಆ ಸರದಿಯನ್ನು ಮುರಿದರು. 2023ರಲ್ಲಿ ರೆಡ್ಡಿ ಮತ್ತೆ ಬಂದರು. ಈ ನಡುವೆ ಇಬ್ಬರೂ ಪಕ್ಷ ಬದಲಿಸಿದ್ದಾರೆ. ರಮೇಶ್ ಕುಮಾರ್ ಇಂದಿರಾ ಕಾಂಗ್ರೆಸ್ಸಿನಿಂದ ಜನತಾ ಪಕ್ಷಕ್ಕೆ, ಜನತಾದಳಕ್ಕೆ, ಅಲ್ಲಿಂದ ಮತ್ತೆ ಕಾಂಗ್ರೆಸ್ಸಿಗೆ ಬಂದರೆ, ಕಾಂಗ್ರೆಸ್ಸಿನಲ್ಲಿದ್ದ ರೆಡ್ಡಿ ಜೆಡಿಎಸ್ ಸೇರಿದರು. ಈ ಪಟ್ಟಿಯನ್ನು ಅಖಂಡ ಜನವಿಶ್ವಾಸದ ಪುರಾವೆ ಎನ್ನುವುದು ಕಷ್ಟ. ಎರಡು ಬಣಗಳಾಗಿ ಒಡೆದ ತಾಲ್ಲೂಕಿನಲ್ಲಿ ಅತ್ತಿತ್ತ ಸರಿದಾಡುವ ಒಂದಿಷ್ಟು ಮತಗಳು ಬಹುತೇಕ ಪ್ರತಿ ಸಲವೂ ಹಾಲಿ ಶಾಸಕನನ್ನು ಮನೆಗೆ ಕಳಿಸುತ್ತಿದ್ದವು ಎಂದಷ್ಟೇ ಅದು ಹೇಳುತ್ತದೆ. ಅಷ್ಟು ಸಲ ಸೋತು ಅಷ್ಟು ಸಲ ಎದ್ದು ಬರುವುದಕ್ಕೆ ಎದೆಗಾರಿಕೆ ಬೇಕು, ಸಂಘಟನೆ ಬೇಕು, ಅದನ್ನು ಒಪ್ಪೋಣ. ಆದರೆ ನಲವತ್ತೈದು ವರ್ಷಗಳ ಹಾಜರಿ ಬೇರೆ, ನಲವತ್ತೈದು ವರ್ಷಗಳ ಸಾಧನೆ ಬೇರೆ. ‘ಇಷ್ಟು ವರ್ಷ ಇದ್ದು ಏನು ಮಾಡಿದರು’ ಎಂದು ಎದುರು ಬಣದವರು ಕೇಳುವುದೂ ಇದೇ ತಪ್ಪಿನ ಇನ್ನೊಂದು ಮುಖ. ಇಬ್ಬರೂ ಎಣಿಸುತ್ತಿರುವುದು ವರ್ಷಗಳನ್ನೇ.

ಎರಡನೆಯ ಮತ್ತು ಮೂರನೆಯ ಹೇಳಿಕೆಗಳನ್ನು ಪರೀಕ್ಷಿಸಲು ಇರುವ ಜಾಗ 2017ರ ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ, ತಿದ್ದುಪಡಿ. ಸಿದ್ದರಾಮಯ್ಯನವರ ಮೊದಲ ಸರ್ಕಾರದಲ್ಲಿ, 2016ರ ಜೂನ್‌ನ ಸಂಪುಟ ಪುನಾರಚನೆಯ ಹೊತ್ತಿಗೆ ಯು.ಟಿ. ಖಾದರ್ ಅವರಿಂದ ಆರೋಗ್ಯ ಖಾತೆ ರಮೇಶ್ ಕುಮಾರ್ ಕೈಗೆ ಬಂತು. ಚುನಾವಣೆಗೆ ಎರಡು ವರ್ಷವೂ ಉಳಿದಿರಲಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೇ ಜಾರಿಯಲ್ಲಿತ್ತಾದರೂ ನೋಂದಣಿ ಮಾಡಿಸಿಕೊಳ್ಳುವುದಕ್ಕಿಂತ ಹೆಚ್ಚಿನದೇನೂ ಅದರಿಂದ ಆಗಿರಲಿಲ್ಲ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿಕ್ರಮ್‌ಜಿತ್ ಸೇನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಕೂತಿತು, ವರದಿ ಬಂತು, 2017ರ ಜೂನ್‌ನಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಗಿ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಮಸೂದೆಯಲ್ಲಿ ಬೇರೆ ಬೇರೆ ಜಾತಿಯ ಅಂಶಗಳಿದ್ದವು. ಮುಂಗಡ ಕೇಳದೆ ತುರ್ತು ಚಿಕಿತ್ಸೆ ಕೊಡಬೇಕು, ಬಿಲ್ ಬಾಕಿಯೆಂದು ಶವವನ್ನು ಹಿಡಿದಿಟ್ಟುಕೊಳ್ಳಬಾರದು, ರೋಗಿಯ ಹಕ್ಕುಗಳ ಸನ್ನದು ಇರಬೇಕು ಎಂಬವು ಒಂದು ಬಗೆ. ಚಿಕಿತ್ಸೆಗಳ ದರವನ್ನು ಸರ್ಕಾರವೇ ಗೊತ್ತುಪಡಿಸುತ್ತದೆ, ಮೀರಿ ವಸೂಲಿ ಮಾಡಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಎಂಬುದು ಇನ್ನೊಂದು ಬಗೆ. ಜಿಲ್ಲಾ ಮಟ್ಟದಲ್ಲಿ ದೂರು ಕೇಳುವ ಸಮಿತಿ, ಅದರ ಮುಂದೆ ವಕೀಲರಿಗೆ ಪ್ರವೇಶವಿಲ್ಲ ಎಂಬುದು ಮೂರನೆಯದು. ಈ ಮೂರನ್ನೂ ‘ಬಡವರ ಪರ ಮಸೂದೆ’ ಎಂಬ ಒಂದೇ ಮಾತಿನಲ್ಲಿ ಸುತ್ತಿಟ್ಟದ್ದರಿಂದ ಪರ ಇದ್ದವರಿಗೂ ವಿರೋಧ ಇದ್ದವರಿಗೂ ಅನುಕೂಲವಾಯಿತು. ಬಿಡಿಬಿಡಿಯಾಗಿ ಯೋಚಿಸುವ ಶ್ರಮ ಯಾರಿಗೂ ಬೀಳಲಿಲ್ಲ.

ನವೆಂಬರ್‌ನಲ್ಲಿ ಏನಾಯಿತೆಂಬುದು ಎಲ್ಲರಿಗೂ ನೆನಪಿದೆ. ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಶುರುವಾಗುವ ಹೊತ್ತಿಗೆ ಖಾಸಗಿ ವೈದ್ಯರು ಅಲ್ಲಿಗೇ ಹೊರಟರು. ಹೊರರೋಗಿ ವಿಭಾಗಗಳು ದಿನಗಟ್ಟಲೆ ಮುಚ್ಚಿದವು. ಚಿಕಿತ್ಸೆ ಸಿಗದೆ ಸಾವುಗಳಾದ ವರದಿಗಳು ಜಿಲ್ಲೆ ಜಿಲ್ಲೆಗಳಿಂದ ಬಂದವು. ಹೈಕೋರ್ಟ್ ಮಧ್ಯೆ ಬಂತು. ಕಡೆಗೆ ಮುಖ್ಯಮಂತ್ರಿಯೇ ವೈದ್ಯ ಸಂಘಟನೆಗಳ ಜೊತೆ ಮಾತುಕತೆಗೆ ಕೂತರು, ಮಸೂದೆ ಬದಲಾಯಿತು, ಅದೇ ಅಧಿವೇಶನದಲ್ಲಿ ಪಾಸಾಯಿತು. ಹೆಚ್ಚು ದರ ವಸೂಲಿಗೆ ಜೈಲು ಎಂಬ ಅಂಶ ಹೋಯಿತು. ದರ ನಿಗದಿಯ ಅಧಿಕಾರ ಸರ್ಕಾರಿ ಆರೋಗ್ಯ ಯೋಜನೆಗಳಡಿ ಬರುವ ಚಿಕಿತ್ಸೆಗಳಿಗೆ ಸೀಮಿತವಾಯಿತು. ಉಳಿದವಕ್ಕೆ ಆಸ್ಪತ್ರೆ ತನ್ನ ದರಪಟ್ಟಿಯನ್ನು ತಾನೇ ಪ್ರಕಟಿಸಬೇಕು, ಅದನ್ನು ಮೀರಬಾರದು ಎಂದಾಯಿತು. ದೂರು ಕೇಳುವ ಹೊಣೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ನೋಂದಣಿ ಪ್ರಾಧಿಕಾರಕ್ಕೇ ಹೋಯಿತು. ತುರ್ತು ಚಿಕಿತ್ಸೆ, ಶವ, ಹಕ್ಕುಗಳ ಸನ್ನದಿಗೆ ಸಂಬಂಧಪಟ್ಟ ಅಂಶಗಳು ಉಳಿದವು. ‘ಹಲ್ಲು ಕಿತ್ತ ಕಾಯ್ದೆ’ ಎಂದು ಜನಾರೋಗ್ಯ ಚಳವಳಿಯ ಗೆಳೆಯರು ಬೇಸರಪಟ್ಟರು. ಅವರ ಬೇಸರಕ್ಕೆ ಕಾರಣವಿತ್ತು. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಂದು ಸಲ ಆಸ್ಪತ್ರೆ ಸೇರಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ ಖರ್ಚು. ಆಸ್ಪತ್ರೆ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೋಗುತ್ತಿದ್ದದ್ದು ಖಾಸಗಿಗೇ. ಈ ಸಮಸ್ಯೆಯನ್ನು ಕಂಡು ಕೈಹಾಕಿದ ಸಚಿವರಿಗೆ ಮೆಚ್ಚುಗೆ ಸಲ್ಲಲೇಬೇಕು.

ಆದರೆ ‘ವ್ಯವಸ್ಥೆ ಬಿಡಲಿಲ್ಲ’ ಎಂಬುದು ವಿವರಣೆಯಾಗಬೇಕಾದರೆ ಒಂದು ಷರತ್ತು ಪೂರೈಸಬೇಕು. ಆ ವ್ಯವಸ್ಥೆ ಇಂಥದ್ದನ್ನು ಎಲ್ಲಿಯೂ, ಯಾವಾಗಲೂ, ಯಾರ ಕೈಯಲ್ಲೂ ಬಿಡಬಾರದು. ಹಾಗಿದೆಯೇ? ಬೆಳಗಾವಿ ಗಲಾಟೆಗೆ ಎಂಟು ತಿಂಗಳು ಮುಂಚೆ, 2017ರ ಮಾರ್ಚ್‌ನಲ್ಲಿ, ಪಶ್ಚಿಮ ಬಂಗಾಳ ತನ್ನ ಖಾಸಗಿ ಆಸ್ಪತ್ರೆಗಳ ಕಾಯ್ದೆಯನ್ನು ಪಾಸು ಮಾಡಿಕೊಂಡಿತ್ತು. ಅಲ್ಲಿನ ವೈದ್ಯರೂ ವಿರೋಧಿಸಿದರು, ಕಾಯ್ದೆ ನಿಂತಿತು. ದೂರು ಕೇಳಿ ಪರಿಹಾರ ಕೊಡಿಸುವ ಅಧಿಕಾರವುಳ್ಳ ನಿಯಂತ್ರಣ ಆಯೋಗವೊಂದು ಅಲ್ಲಿ ಹುಟ್ಟಿತು. ಆ ಆಯೋಗ ಮಾದರಿಯಾದದ್ದೆಂದು ನಾನು ಹೇಳುತ್ತಿಲ್ಲ. ವೈದ್ಯರ ಸಂಘಟನೆ ಇರುವಲ್ಲೆಲ್ಲ ಇಂಥ ಶಾಸನ ಸೋಲಲೇಬೇಕೆಂಬ ನಿಯಮವಿಲ್ಲ ಎಂದಷ್ಟೇ. ಇನ್ನೊಂದು ತುದಿಯಲ್ಲಿ ರಾಜಸ್ಥಾನವಿದೆ. 2023ರ ಮಾರ್ಚ್‌ನಲ್ಲಿ ಆರೋಗ್ಯ ಹಕ್ಕು ಮಸೂದೆ ಪಾಸಾಯಿತು, ವೈದ್ಯರು ಬೀದಿಗಿಳಿದರು, ಏಪ್ರಿಲ್ ಮೊದಲ ವಾರದಲ್ಲಿ ಒಪ್ಪಂದವಾಯಿತು. ಐವತ್ತು ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಗಳೂ ಸರ್ಕಾರದಿಂದ ಭೂಮಿ, ರಿಯಾಯಿತಿ ಪಡೆಯದ ಆಸ್ಪತ್ರೆಗಳೂ ಅದರ ಹೊರಗುಳಿದವು. ಅಲ್ಲಿ ಕಿಚ್ಚು ಹತ್ತಿದ್ದು ತುರ್ತು ಚಿಕಿತ್ಸೆಯ ಹಕ್ಕಿನ ಬಗ್ಗೆ. ಹಕ್ಕನ್ನು ಕೊಟ್ಟ ಸರ್ಕಾರ ಅದರ ಖರ್ಚನ್ನು ಯಾರು, ಯಾವಾಗ, ಎಷ್ಟು ಭರಿಸುತ್ತಾರೆಂಬುದನ್ನು ಬಿಗಿಯಾಗಿ ಹೇಳಿರಲಿಲ್ಲ. ಬೆಳಗಾವಿಗೂ ಜೈಪುರಕ್ಕೂ ಸಮಾನವಾದದ್ದು ಸಚಿವರ ಸಜ್ಜನಿಕೆಯಲ್ಲ; ಹಣದ ಪ್ರಶ್ನೆಯನ್ನು ಉತ್ತರಿಸದೆ ಇನ್ನೊಬ್ಬರ ಹೆಗಲಿಗೆ ದಾಟಿಸಿದ್ದು.

ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಕರ್ನಾಟಕದಲ್ಲೇ ಇದೆ. 2020ರ ಜೂನ್‌ನಲ್ಲಿ ಯಡಿಯೂರಪ್ಪನವರ ಸರ್ಕಾರ ಕೋವಿಡ್ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗಳಲ್ಲಿ ಗರಿಷ್ಠ ದರ ಗೊತ್ತುಮಾಡಿತು. ಸರ್ಕಾರ ಕಳಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 5,200, ವೆಂಟಿಲೇಟರ್ ಸಹಿತ ಐಸಿಯುವಿಗೆ 10,000. ತಾನೇ ಹಣ ಕೊಟ್ಟು ಸೇರಿದವನಿಗೆ 10,000 ಮತ್ತು 25,000. ಅರ್ಧದಷ್ಟು ಹಾಸಿಗೆಗಳು ಸರ್ಕಾರದ ಪಾಲಿಗೆ. ಮೂರು ವರ್ಷಗಳ ಹಿಂದೆ ಬೆಳಗಾವಿಯಲ್ಲಿ ‘ಅಸಾಧ್ಯ’ ಎನಿಸಿಕೊಂಡದ್ದು ಒಂದು ಆದೇಶದಲ್ಲಿ ಬಂತು. ಅದನ್ನು ತಂದವರನ್ನು ಯಾರೂ ಆರೋಗ್ಯ ಕ್ಷೇತ್ರದ ಕ್ರಾಂತಿಕಾರಿಗಳೆಂದು ಕರೆದಿಲ್ಲ. 2024ರ ಜುಲೈನಲ್ಲಿ ಡೆಂಗಿ ಪರೀಕ್ಷೆಗಳಿಗೂ ಹೀಗೆಯೇ ದರ ಗೊತ್ತಾಯಿತು, ಒಂದು ಎಲಿಸಾ ಪರೀಕ್ಷೆಗೆ 300 ರೂಪಾಯಿ. ಯಾರೂ ಆಸ್ಪತ್ರೆ ಮುಚ್ಚಲಿಲ್ಲ. ಮಹಾಮಾರಿಯ ಕಾಲ ಅಪವಾದವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ವಿಪತ್ತಿನ ಕಾಲದ ವಿಶೇಷಾಧಿಕಾರ 2017ರಲ್ಲಿ ಇರಲಿಲ್ಲ, ಸಾರ್ವಜನಿಕ ಭಯವೂ ಇರಲಿಲ್ಲ. ಆದೇಶವನ್ನು ಆಸ್ಪತ್ರೆಗಳೆಲ್ಲ ಪಾಲಿಸಿದವೆಂದೂ ಅಲ್ಲ. ವಿಪರೀತ ಬಿಲ್ಲಿನ ದೂರುಗಳು ಆಗಲೂ ಬಂದವು. ಆದರೆ ಅಪವಾದದಿಂದಲೂ ಕಲಿಯುವುದಿರುತ್ತದೆ. 2020ರಲ್ಲಿ ಸರ್ಕಾರ ಬರೀ ಪೊಲೀಸಿನವನಾಗಿ ಬರಲಿಲ್ಲ, ಗಿರಾಕಿಯಾಗಿಯೂ ಬಂತು. ಇಷ್ಟು ಹಾಸಿಗೆ ಬೇಕು, ಇಷ್ಟು ಕೊಡುತ್ತೇನೆ ಎಂದಿತು. ಆಸ್ಪತ್ರೆಗಳ ಸಂಘದ ಜೊತೆ ಕೂತು ಚೌಕಾಸಿ ಮಾಡಿತು. ದರಕ್ಕೆ ಒಂದು ವಸ್ತು ಗೊತ್ತಿತ್ತು: ಒಂದು ಕಾಯಿಲೆ, ನಾಲ್ಕು ಬಗೆಯ ಹಾಸಿಗೆ. 2017ರ ಮಸೂದೆ ಮಂಗಳೂರಿನ ದೊಡ್ಡ ಆಸ್ಪತ್ರೆಗೂ ಮುಳಬಾಗಿಲಿನ ಒಂಟಿ ವೈದ್ಯನ ನರ್ಸಿಂಗ್ ಹೋಮಿಗೂ, ಅಪೆಂಡಿಕ್ಸಿನಿಂದ ಹೃದಯದ ಬೈಪಾಸಿನವರೆಗೆ, ದರ ಗೊತ್ತುಮಾಡುವ ಅಧಿಕಾರವನ್ನು ಒಟ್ಟಿಗೇ ಕೇಳಿತ್ತು. ಯಾವ ಲೆಕ್ಕದ ಮೇಲೆ ಎಂಬುದು ಮುಂದೆ ಬರಬೇಕಾದ ನಿಯಮಗಳಿಗೆ ಬಿಟ್ಟ ವಿಷಯವಾಗಿತ್ತು. ಜೈಲು ಮಾತ್ರ ಮಸೂದೆಯಲ್ಲೇ ಇತ್ತು.

ಇಲ್ಲಿ ತಂತ್ರದ ತಪ್ಪೂ ತತ್ವದ ತಪ್ಪೂ ಒಂದಕ್ಕೊಂದು ಅಂಟಿಕೊಂಡಿವೆ. ಖಾಸಗಿ ವೈದ್ಯಕೀಯ ಎಂಬುದು ಒಂದು ಹಿತಾಸಕ್ತಿಯಲ್ಲ. ಒಳಗೇ ಜಗಳವಾಡುವ ಹಲವು ಹಿತಾಸಕ್ತಿಗಳು. ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗಳಿಂದ ಅತಿ ಹೆಚ್ಚು ಪೆಟ್ಟು ತಿಂದವರು ತಾಲ್ಲೂಕಿನ ಸಣ್ಣ ನರ್ಸಿಂಗ್ ಹೋಮಿನವರೇ. ದರಪಟ್ಟಿ ಪ್ರಕಟಿಸಬೇಕೆಂಬ ನಿಯಮ ಅವರಿಗೆ ಭಾರವಾಗುವಂಥದ್ದಲ್ಲ. ದೊಡ್ಡವರ ಬಿಲ್ಲಿನ ಮೇಲೆ ಕಣ್ಣಿಟ್ಟರೆ ಅವರಿಗೆ ಲಾಭವೂ ಆದೀತು. ಆದರೆ ಜೈಲಿನ ಮಾತು ಈ ಎರಡು ವರ್ಗಗಳನ್ನು ಒಂದೇ ಶಾಮಿಯಾನದ ಕೆಳಗೆ ತಂದು ಕೂರಿಸಿತು. ಕಾರ್ಪೊರೇಟ್ ಮಾಲೀಕ ಜೈಲಿಗೆ ಹೋಗುವವನಲ್ಲ, ಅವನಿಗೆ ವಕೀಲರ ಪಡೆಯಿದೆ. ಹೆದರಿದವನು ತಾನೇ ಮಾಲೀಕನೂ ತಾನೇ ಡಾಕ್ಟರೂ ಆದ ಊರಿನ ವೈದ್ಯ. ದೂರು ಸಮಿತಿಯ ಮುಂದೆ ವಕೀಲರಿಗೆ ತಡೆ ಹಾಕಿದ್ದು ಬಡ ರೋಗಿಗೆ ಅನುಕೂಲವಾಗಲೆಂದು. ಹೆದರಿದವನ ಕಣ್ಣಿಗೆ ಅದು ವಾದಿಸುವ ಹಕ್ಕನ್ನೇ ಕಿತ್ತುಕೊಂಡಂತೆ ಕಂಡಿತು. ಬೆಳಗಾವಿಗೆ ಹೋದ ಗುಂಪಿಗೆ ಸಂಖ್ಯೆಯನ್ನೂ ನೈತಿಕ ಬಲವನ್ನೂ ಕೊಟ್ಟವನು ಇವನೇ. ಅದರ ಲಾಭ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕಿಲ್ಲ.

ಸರ್ಕಾರಿ ಆಸ್ಪತ್ರೆಗಳನ್ನು ಹೊರಗಿಟ್ಟದ್ದೂ ಹೀಗೆಯೇ. ಸೇನ್ ಸಮಿತಿಯ ಆಶಯಕ್ಕೆ ಇದು ವಿರುದ್ಧ ಎಂಬುದು ವೈದ್ಯರ ದೊಡ್ಡ ತಕರಾರಾಗಿತ್ತು. ಸರ್ಕಾರಿ ವೈದ್ಯರ ಮೇಲೆ ಈಗಾಗಲೇ ಸೇವಾ ನಿಯಮಗಳಿವೆ, ಲೋಕಾಯುಕ್ತವಿದೆ, ಕಾಯ್ದೆಯ ಹೆಸರಲ್ಲೇ ‘ಖಾಸಗಿ’ ಇದೆ ಎಂಬುದು ಸರ್ಕಾರದ ಪರ ಬಂದ ಉತ್ತರ. ತರ್ಕವಾಗಿ ಅದು ತಪ್ಪಲ್ಲ. ಆದರೆ ವೈದ್ಯಕೀಯ ಸಂಸ್ಥೆಗಳ ಬಗೆಗಿನ 2010ರ ಕೇಂದ್ರ ಕಾಯ್ದೆ ಸೇನಾ ಆಸ್ಪತ್ರೆಗಳನ್ನು ಬಿಟ್ಟು ಉಳಿದ ಸರ್ಕಾರಿ ಆಸ್ಪತ್ರೆಗಳನ್ನೂ ಒಳಗೊಂಡಿದೆ. ಒಳಗೊಳ್ಳುವುದು ಅಸಾಧ್ಯವೇನೂ ಆಗಿರಲಿಲ್ಲ. ಕನಿಷ್ಠ ಸಿಬ್ಬಂದಿ, ಸ್ವಚ್ಛತೆ, ರೋಗಿಯ ಹಕ್ಕು ಇಷ್ಟನ್ನಾದರೂ ಎರಡೂ ಕಡೆಗೆ ಸಮನಾಗಿ ಅನ್ವಯಿಸಿದ್ದರೆ ‘ನಿಮ್ಮದನ್ನು ಮೊದಲು ನೋಡಿಕೊಳ್ಳಿ’ ಎಂಬ ಮೂದಲಿಕೆಗೆ ನೆಲೆಯೇ ಇರುತ್ತಿರಲಿಲ್ಲ. ಇದಕ್ಕಿಂತ ಆಳದ ಮಾತೊಂದಿದೆ. ಖಾಸಗಿ ದರಕ್ಕೆ ಶಾಶ್ವತವಾದ ಕಡಿವಾಣ ಕಾನೂನಿನ ಪುಟದಲ್ಲಿ ಹುಟ್ಟುವುದು ಕಡಿಮೆ. ಹತ್ತು ಮೈಲಿ ದೂರದಲ್ಲಿ ಅರಿವಳಿಕೆ ತಜ್ಞನೂ ಸ್ತ್ರೀರೋಗ ತಜ್ಞೆಯೂ ಒಟ್ಟಿಗೆ ಇರುವ ತಾಲ್ಲೂಕು ಆಸ್ಪತ್ರೆಯೊಂದು ನಡೆಯುತ್ತಿದ್ದರೆ ಅಲ್ಲಿ ಹುಟ್ಟುತ್ತದೆ. ರೋಗಿಗೆ ಬೇರೆ ದಾರಿ ಇದ್ದಾಗ ಮಾತ್ರ ಆಸ್ಪತ್ರೆ ತನ್ನ ಬೆಲೆ ಹೇಳುವಾಗ ಯೋಚಿಸುತ್ತದೆ.

ಇನ್ನು ಅನುಭವದ ವಾದ. ಶಾಸನಸಭೆಯ ಅನುಭವ ಎಂಬುದು ಒಂದೇ ಸರಕೆಂಬಂತೆ ಮಾತಾಡುತ್ತೇವೆ. ಸ್ಪೀಕರ್ ಪೀಠದ ಅನುಭವವೂ ಸಚಿವನ ಅನುಭವವೂ ಬೇರೆ ಬೇರೆ ಮಾತ್ರವಲ್ಲ, ಕೆಲವೊಮ್ಮೆ ಒಂದಕ್ಕೊಂದು ಅಡ್ಡ ಬರುವಂಥವು. ಸ್ಪೀಕರ್ ಕೇಳುತ್ತಾನೆ, ತೂಗುತ್ತಾನೆ, ತೀರ್ಪು ಕೊಡುತ್ತಾನೆ. ಸದನದೊಳಗೆ ಅವನದು ಕೊನೆಯ ಮಾತು. ಸಚಿವನ ಮಾತು ಮೊದಲನೆಯದು ಮಾತ್ರ. ಅದರ ಮೇಲೆ ಹಣಕಾಸು ಇಲಾಖೆ, ಸಂಪುಟ, ಪರಿಷತ್ತು, ವೃತ್ತಿ ಸಂಘಟನೆಗಳು, ನ್ಯಾಯಾಲಯ ಎಲ್ಲವೂ ಮಾತಾಡುತ್ತವೆ. ರಮೇಶ್ ಕುಮಾರ್ ಅವರ ಸಾರ್ವಜನಿಕ ವ್ಯಕ್ತಿತ್ವ ರೂಪುಗೊಂಡದ್ದು ಮುಖ್ಯವಾಗಿ ಪೀಠದಲ್ಲಿ: 1994ರಿಂದ 1999ರವರೆಗೆ, ಮತ್ತೆ 2018ರ ಮೇಯಿಂದ 2019ರ ಜುಲೈವರೆಗೆ. ಆ ಎರಡನೆಯ ಅವಧಿಯ ಕೊನೆಯ ವಾರವನ್ನು ನೋಡಿ. ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ ಬಿದ್ದ ಮೇಲೆ ಜುಲೈ 25ರಂದು ಮೂವರು, 28ರಂದು ಹದಿನಾಲ್ವರು, ಒಟ್ಟು ಹದಿನೇಳು ಶಾಸಕರನ್ನು ಅನರ್ಹಗೊಳಿಸಿದರು. ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಅವರು ಮತ್ತೆ ನಿಲ್ಲಬಾರದೆಂದೂ ಬರೆದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ನಿಷೇಧವನ್ನು ಹೊಡೆದುಹಾಕಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿ ಟಿಕೆಟ್ಟಿನ ಮೇಲೆ ನಿಂತ ಹದಿಮೂರು ಅನರ್ಹರಲ್ಲಿ ಹನ್ನೊಂದು ಮಂದಿ ಗೆದ್ದುಬಂದರು.

ಈ ಪ್ರಸಂಗವನ್ನು 2017ರ ಪಕ್ಕದಲ್ಲಿಟ್ಟರೆ ಒಂದು ಹೋಲಿಕೆ ಎದ್ದುಕಾಣುತ್ತದೆ. ಎರಡರಲ್ಲೂ ಕಾನೂನಿನ ಆಧಾರವಿದ್ದ ಭಾಗ ಉಳಿಯಿತು. ಪಕ್ಷಾಂತರ ಮಾಡಿದವನು ಅನರ್ಹ ಎಂಬುದು ಉಳಿಯಿತು. ಸಾಯುತ್ತಿರುವವನಿಗೆ ಮುಂಗಡ ಕೇಳಬಾರದು ಎಂಬುದು ಉಳಿಯಿತು. ಎರಡರಲ್ಲೂ ಅದರ ಮೇಲೆ ಹೆಚ್ಚುವರಿಯಾಗಿ ಹೊರಿಸಿದ ಶಿಕ್ಷೆ ಬಿತ್ತು. ಎರಡು ಉದಾಹರಣೆಗಳಿಂದ ಸ್ವಭಾವ ನಿರ್ಣಯ ಮಾಡುವುದು ಸರಿಯಲ್ಲ, ಹಾಗೆ ಮಾಡಲೂ ಹೊರಟಿಲ್ಲ. ಆದರೆ ನೈತಿಕ ಕೋಪ ಎಷ್ಟೇ ನ್ಯಾಯವಾಗಿದ್ದರೂ ಅದು ಶಾಸನದ ಅಳತೆಗೋಲಾಗಲಾರದು ಎಂಬುದು ಎರಡೂ ಕಡೆ ಕಂಡಿದೆ. ಮಾತುಗಾರಿಕೆಯ ಬಗ್ಗೆಯೂ ಇದನ್ನೇ ಹೇಳಬೇಕು. ನಾವು ಮೆಚ್ಚುತ್ತಿದ್ದ ಆ ನಾಲಿಗೆಯೇ 2021ರ ಡಿಸೆಂಬರ್‌ನಲ್ಲಿ, ಅದೇ ಬೆಳಗಾವಿ ಸದನದಲ್ಲಿ, ಅತ್ಯಾಚಾರವನ್ನು ಹಗುರವಾಗಿ ಎತ್ತಿಕೊಂಡು ಆಡಿತು. ಮರುದಿನ ಅವರು ಕ್ಷಮೆ ಕೇಳಿದರು. ಅದೊಂದನ್ನೇ ಹಿಡಿದು ಇಡೀ ಬದುಕನ್ನು ಅಳಿಸುವುದು ಎಷ್ಟು ತಪ್ಪೋ, ಸೊಗಸಾದ ಭಾಷಣಗಳನ್ನು ಹಿಡಿದು ಇಡೀ ಬದುಕಿಗೆ ಅಂಕ ಕೊಡುವುದೂ ಅಷ್ಟೇ ತಪ್ಪು. ಭಾಷಣ ಸದನದ ಕಡತದಲ್ಲಿರುತ್ತದೆ. ಆಸ್ಪತ್ರೆಯ ಕೌಂಟರಿನಲ್ಲಿ ಅದಕ್ಕೆ ಚಲಾವಣೆಯಿಲ್ಲ.

ಮೂರು ಆಕ್ಷೇಪಗಳನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಮೊದಲನೆಯದು: ದೊಡ್ಡದನ್ನು ಕೇಳಿದ್ದರಿಂದಲೇ ಇಷ್ಟಾದರೂ ಸಿಕ್ಕಿತು, ಜೈಲಿನ ಅಂಶ ಚೌಕಾಸಿಯ ಆರಂಭದ ಬೆಲೆ. ಇರಬಹುದು. ಹಾಗಿದ್ದರೆ ಸಿಕ್ಕ ಕಾಯ್ದೆಯನ್ನು ಗೆಲುವೆಂದು ಒಪ್ಪಿಕೊಳ್ಳಬೇಕು. ಜೈಲು ಬರೀ ಪಟ್ಟಾಗಿತ್ತು ಎನ್ನುವುದು, ಅದು ಹೋದದ್ದಕ್ಕೆ ಮಸೂದೆ ಸತ್ತಿತೆಂದು ಅಳುವುದು, ಇವೆರಡನ್ನೂ ಒಬ್ಬರೇ ಮಾಡಲಾಗದು. ಜೊತೆಗೆ ಚೌಕಾಸಿಗೆ ಸಮಯ ಬೇಕು. ಚುನಾವಣೆಗೆ ಆರು ತಿಂಗಳಿರುವಾಗ, ರೋಗಿಗಳು ಸಾಯುತ್ತಿರುವ ವರದಿಗಳ ನಡುವೆ, ಮೊದಲು ಕಣ್ಣು ಮಿಟುಕಿಸಬೇಕಾದವರು ಯಾರೆಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. ಎರಡನೆಯದು: ಅವರಿಲ್ಲದಿದ್ದರೆ ಈ ವಿಷಯ ಸದನಕ್ಕೇ ಬರುತ್ತಿರಲಿಲ್ಲ. ಇದನ್ನು ಪೂರ್ತಿ ಒಪ್ಪುತ್ತೇನೆ. 2007ರಿಂದ ಮಲಗಿದ್ದ ಕಾಯ್ದೆಯನ್ನು ಎಬ್ಬಿಸಿದ ಕೀರ್ತಿ ಅವರದೇ. ವ್ಯಕ್ತಿಯ ಗುಣಕ್ಕೆ ನಿಜವಾದ ಜಾಗ ಇಲ್ಲೇ: ಯಾವ ಪ್ರಶ್ನೆ ಎತ್ತಬೇಕೆಂದು ಆರಿಸುವಲ್ಲಿ. ಎತ್ತಿದ ಪ್ರಶ್ನೆ ದಡ ಸೇರುವುದು ಬೇರೆ ಗುಣಗಳಿಂದ. ಮೂರನೆಯದು: ಸೋಲಿನ ಹೊಣೆ ಸಚಿವರದಲ್ಲ, ಕೊನೆಗಳಿಗೆಯಲ್ಲಿ ಮಣಿದ ಮುಖ್ಯಮಂತ್ರಿಯದು, ಸಂಪುಟದ್ದು. ಸಂಪುಟಕ್ಕೆ ಸಾಮೂಹಿಕ ಹೊಣೆಯಿರುವುದು ನಿಜ. ಆದರೆ ಮಸೂದೆ ಸದನದ ಬಾಗಿಲಿಗೆ ಬರುವ ಮುಂಚೆ ತನ್ನ ಮುಖ್ಯಮಂತ್ರಿ ಎಲ್ಲಿಯವರೆಗೆ ನಿಲ್ಲುತ್ತಾರೆಂದು ಅಳೆದುಕೊಳ್ಳುವುದು ಸಚಿವನ ಕೆಲಸದ ಹೊರಗಿನದಲ್ಲ, ಬಹುಶಃ ಅದರ ಮುಕ್ಕಾಲು ಭಾಗ.

‘ವ್ಯವಸ್ಥೆ ಬಿಡಲಿಲ್ಲ’ ಎಂಬುದಕ್ಕೆ ವಿರುದ್ಧವಾದ ಉದಾಹರಣೆ ಅವರ ಬದುಕಿನಲ್ಲೇ ಇದೆ, ಅದನ್ನು ಅವರ ಅಭಿಮಾನಿಗಳು ಯಾಕೆ ಮುಂದಿಡುವುದಿಲ್ಲವೋ ತಿಳಿಯದು. ಕೋಲಾರದ ಕೆ.ಸಿ. ವ್ಯಾಲಿ ಯೋಜನೆಯ ರೂವಾರಿಗಳಲ್ಲಿ ಅವರು ಪ್ರಮುಖರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರಿನಷ್ಟು ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಯೋಜನೆಯಿದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಸಾವಿರ ಅಡಿ ಕೊರೆದರೂ ನೀರು ಕಾಣದ, ಕಂಡ ನೀರಲ್ಲಿ ಫ್ಲೋರೈಡ್ ತುಂಬಿದ ಸೀಮೆಯಲ್ಲಿ ಕೆರೆ ತುಂಬುವುದೆಂದರೆ ಏನೆಂದು ಬೇರೆಯವರಿಗೆ ತಿಳಿಯುವುದು ಕಷ್ಟ. ಈ ಯೋಜನೆಗೂ ವಿರೋಧವಿತ್ತು, ಕೋರ್ಟಿನ ತಡೆಯಿತ್ತು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತ ಬೇಕು ಎಂಬ ಬೇಡಿಕೆ ಗಂಭೀರವಾದದ್ದು, ಇನ್ನೂ ಜೀವಂತವಾಗಿದೆ. ಆದರೂ ನೀರು ಹರಿಯಿತು. ಯಾಕೆ? ಇಲ್ಲಿ ಕೊಡುವವರಿಗೂ ಪಡೆಯುವವರಿಗೂ ಲಾಭವಿತ್ತು: ಬೆಂಗಳೂರಿಗೆ ತನ್ನ ಕೊಳಚೆ ಕಳೆದರೆ ಸಾಕಿತ್ತು, ಕೋಲಾರಕ್ಕೆ ನೀರು ಬೇಕಿತ್ತು. ಪಂಪು, ಕೊಳವೆ, ಇಲಾಖೆ, ಹಣ ಎಲ್ಲಕ್ಕೂ ಹೆಸರಿತ್ತು. ಯಾರಿಗೂ ಶಿಕ್ಷೆಯಾಗಬೇಕಿರಲಿಲ್ಲ. ಅದೇ ವ್ಯಕ್ತಿ, ಅದೇ ವ್ಯವಸ್ಥೆ, ಅದೇ ಅವಧಿ. ‘ಒಳ್ಳೆಯವರು, ವ್ಯವಸ್ಥೆ ಬಿಡಲಿಲ್ಲ’ ಎಂಬ ವಿವರಣೆಗೆ ಈ ನೀರನ್ನು ವಿವರಿಸುವ ಶಕ್ತಿಯಿಲ್ಲ. ವಿನ್ಯಾಸದ ವಿವರಣೆಗೆ ಇದೆ.

ಹಾಗಾದರೆ ಮಾಜಿ ಆರೋಗ್ಯ ಸಚಿವರೊಬ್ಬರ ವಿಷಯದಲ್ಲಿ ಕೇಳಬೇಕಾದದ್ದು ಏನು? ಕಾಯ್ದೆ ಉಳಿದಿದೆ; ಅದರ ಕೈಕಾಲು ಯಾವುದು ಎಂದು ಕೇಳಬೇಕು. ಕೆಪಿಎಂಇ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ; ಬರ, ಭೂದಾಖಲೆ, ಚುನಾವಣೆ, ಗಣೇಶೋತ್ಸವದ ಬಂದೋಬಸ್ತು ಎಲ್ಲದರ ಸಭೆಗೂ ಅವರೇ ಅಧ್ಯಕ್ಷರು. ಸದಸ್ಯ ಕಾರ್ಯದರ್ಶಿ ಜಿಲ್ಲಾ ಆರೋಗ್ಯಾಧಿಕಾರಿ. ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳೆಲ್ಲ ಆಗಲೇ ಅವರ ತಲೆಯ ಮೇಲಿವೆ. ಪ್ರತ್ಯೇಕ ತಪಾಸಣಾ ಸಿಬ್ಬಂದಿ ವರ್ಗವನ್ನು ಕಾಯ್ದೆ ಸೃಷ್ಟಿಸಲಿಲ್ಲ. ಆಸ್ಪತ್ರೆಗಳು ಪ್ರಕಟಿಸಿದ ದರಪಟ್ಟಿಗಳನ್ನು ಒಂದೆಡೆ ಸೇರಿಸಿ, ಒಂದೇ ಶಸ್ತ್ರಚಿಕಿತ್ಸೆಗೆ ಒಂದೇ ಊರಿನಲ್ಲಿ ಯಾರು ಎಷ್ಟು ತೆಗೆದುಕೊಳ್ಳುತ್ತಾರೆಂದು ಜನರ ಮುಂದಿಡುವ ಹೊಣೆಯನ್ನು ಯಾವುದೇ ಒಂದು ಕಚೇರಿಗೆ ಬಿಗಿಯಾಗಿ ಕಟ್ಟಲಿಲ್ಲ. ಜಿಲ್ಲೆಗೆ ನಾಲ್ಕು ತಪಾಸಣಾಧಿಕಾರಿಗಳು, ಒಬ್ಬ ಲೆಕ್ಕಿಗ, ದೂರು ಬರೆದುಕೊಳ್ಳುವ ಒಂದು ಕಚೇರಿ, ಇಷ್ಟಕ್ಕೆ ಬಜೆಟ್ಟಿನಲ್ಲಿ ಜಾಗ ಕೇಳಿದ್ದರೆ ಅದರ ವಿರುದ್ಧ ಬೆಳಗಾವಿಗೆ ಯಾವ ಸಂಘಟನೆಯೂ ಬಸ್ಸು ಹತ್ತುತ್ತಿರಲಿಲ್ಲ. ಟಿವಿಯಲ್ಲಿ ಚರ್ಚೆಯೂ ಆಗುತ್ತಿರಲಿಲ್ಲ, ಅದು ಬೇರೆ ಮಾತು. ಈ ಕೊರತೆಗೆ 2017ರ ಸಚಿವರೊಬ್ಬರೇ ಹೊಣೆಯಲ್ಲ. ಆಮೇಲೆ ಎರಡು ಪಕ್ಷಗಳ ಕೈಯಲ್ಲಿ ಆರೋಗ್ಯ ಖಾತೆ ಓಡಾಡಿದೆ, ಯಾವ ಮುಷ್ಕರವೂ ಅವರನ್ನು ತಡೆದಿರಲಿಲ್ಲ.